ದಣಪೆ ಇದ್ದ ಜಾಗದಲ್ಲಿ ಗೇಟು

ನಮ್ಮ ಉತ್ತರ ಕನ್ನಡದ ಕರಾವಳಿಯ ಹಳ್ಳಿಗಳಲ್ಲಿ ಕಡಲಿಗೆ ಹೋಗುವ ದಾರಿಗೆ ಹೆಸರಿರುವುದಿಲ್ಲ. ಪೇಟೆಯ ರಸ್ತೆಗೆ ಹೆಸರಿದೆ, ಶಾಲೆಯ ರಸ್ತೆಗೆ ಪಂಚಾಯತಿಯ ಫಲಕವಿದೆ. ಕಡಲ ದಾರಿ ಮಾತ್ರ ‘ಬೇಲೆಗೆ ಹೋಗೋ ಓಣಿ’, ಅಷ್ಟೆ. ಅದು ಯಾರದೋ ಹಿತ್ತಲಿನ ಬಾವಿಕಟ್ಟೆಯ ಪಕ್ಕ ಶುರುವಾಗಿ, ಇನ್ಯಾರದೋ ತೆಂಗಿನ ತೋಟದ ಅಂಚಿನಲ್ಲಿ ಸಾಗಿ, ಮುಂಡಿಗೆ ಹಿಂಡಿಲಿನ ಸಂದಿಯಲ್ಲಿ ನುಸುಳಿ, ಹೊಯಿಗೆ ದಿಬ್ಬ ಹತ್ತುತ್ತದೆ. ದಿಬ್ಬದ ಆಚೆ ಓಣಿ ಇರುವುದಿಲ್ಲ. ಇರುವುದು ಬೇಲೆ, ಅದರಾಚೆ ನೀರು.

ಓಣಿಯ ನಡುವೆ ಎರಡೋ ಮೂರೋ ಕಡೆ ದಣಪೆ ಇರುತ್ತಿತ್ತು. ಬೇರೆ ಸೀಮೆಯವರು ಇದನ್ನೇ ಉಣುಗೋಲು, ತಡಮೆ ಎಂದೆಲ್ಲ ಕರೆಯುತ್ತಾರೆ. ತೂತು ಕೊರೆದ ಎರಡು ಕಂಬ, ಅವುಗಳಲ್ಲಿ ಅಡ್ಡಕ್ಕೆ ತೂರಿಸಿದ ಮೂರೋ ನಾಲ್ಕೋ ಬಿದಿರ ಗಳ. ದನ ನುಗ್ಗಬಾರದು, ಮನುಷ್ಯರು ದಾಟಬೇಕು. ಅದರ ಕೆಲಸ ಇಷ್ಟೇ. ತಲೆಯ ಮೇಲೆ ಮೀನಬುಟ್ಟಿ ಹೊತ್ತ ಹೆಂಗಸರು ಒಂದು ಕೈಯಲ್ಲಿ ಗಳ ಸರಿಸಿ ದಾಟಿ, ಹಿಂದೆ ಬರುವವರಿಗೆ ‘ಗಳ ಹಾಕ್ಕಂಡು ಬಾರೇ’ ಎಂದು ಕೂಗಿ ಮುಂದೆ ಹೋಗುತ್ತಿದ್ದರು. ತೋಟದ ಒಡೆಯನಿಗೂ ಓಣಿಯಲ್ಲಿ ಓಡಾಡುವವರಿಗೂ ನಡುವೆ ಇದ್ದ ಕರಾರು ಅದೊಂದೇ. ದಾಟಿದ ಮೇಲೆ ಗಳ ಮತ್ತೆ ಹಾಕಬೇಕು. ಆ ಕರಾರನ್ನು ಯಾರೂ ಬರೆದಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ನಮ್ಮೂರು ಕುಮಟಾ ತಾಲ್ಲೂಕಿನಲ್ಲಿದೆ. ಹೆಸರು ಹೇಳಿದರೆ ಇದು ಆ ಒಂದು ಊರಿನ ಕತೆ ಮಾತ್ರ ಅನಿಸೀತು ಎಂದು ಹೇಳದೆ ಬಿಡುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ ಯಾವ ಊರಿನ ಹೆಸರನ್ನಾದರೂ ಇಲ್ಲಿ ಇಟ್ಟುಕೊಂಡು ಓದಬಹುದು. ಮೂರು ವರ್ಷಗಳ ಹಿಂದೆ ನಮ್ಮ ಓಣಿಯ ಎಡಬಲದ ಎರಡು ತೋಟಗಳು ಒಂದೇ ಹೆಸರಿಗೆ ಮಾರಾಟವಾದವು. ಮಳೆಗಾಲ ಕಳೆದ ಮೇಲೆ ಜೆಸಿಬಿ ಬಂತು. ಮುಂಡಿಗೆ ಹಿಂಡಿಲು ಹೋಯಿತು, ಹೊಯಿಗೆ ದಿಬ್ಬ ಅರ್ಧ ತಗ್ಗಿತು, ತೋಟದ ಸುತ್ತ ನೀಲಿ ತಗಡಿನ ಗೋಡೆ ಎದ್ದಿತು. ದಣಪೆ ಇದ್ದ ಜಾಗಕ್ಕೆ ಕಬ್ಬಿಣದ ಗೇಟು ಬಂತು. ಮುಂದಿನ ಬೇಸಿಗೆಯ ಹೊತ್ತಿಗೆ ಗೇಟಿನ ಪಕ್ಕದಲ್ಲಿ ಒಂದು ಫಲಕ: ‘ಗ್ರಾಮಸ್ಥರಿಗೆ ಕಡಲತೀರಕ್ಕೆ ಪ್ರವೇಶ: ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ.’

ಫಲಕದ ಭಾಷೆ ಒರಟಾಗಿರಲಿಲ್ಲ. ಕೆಳಗೆ ‘ಧನ್ಯವಾದಗಳು’ ಎಂದೂ ಇತ್ತು. ಊರಿನ ಎಷ್ಟೋ ಜನರಿಗೆ ಅದು ಒಳ್ಳೆಯದಾಗಿಯೇ ಕಂಡಿತು. ‘ಪೂರ್ತಿ ಬಂದ್ ಮಾಡಲಿಲ್ಲವಲ್ಲ, ಅದೇ ಪುಣ್ಯ’ ಎಂದರು. ನಮ್ಮ ಆಚೆಮನೆಯ ದೊಡ್ಡಕ್ಕ ಮಾತ್ರ ಫಲಕವನ್ನು ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡು ಹೇಳಿದಳು: ‘ಆರು ಗಂಟೆಗೆ ಗೇಟು ತೆಗೀತಾರಂತೆ. ಆರರ ಮೇಲೆ ಬಾ ಅಂತ ಮೀನಿಗೆ ಹೇಳಿ ಬರೂದು ಯಾರು?’

ದೊಡ್ಡಕ್ಕ ಅಂಬಿಗರ ಪೈಕಿ. ಅವಳ ಗಂಡ ಪಾತಿದೋಣಿಯಲ್ಲಿ ಬಲೆ ಹಾಕುತ್ತಿದ್ದ, ಈಗ ಮಗ ಹಾಕುತ್ತಾನೆ. ಅವರ ದಿನ ಶುರುವಾಗುವುದು ಬೆಳಗಿನ ಮೂರೂವರೆ ನಾಲ್ಕಕ್ಕೆ. ಯಾವತ್ತು ಎಷ್ಟು ಗಂಟೆಗೆ ಎಂಬುದನ್ನು ಹೇಳುವುದು ಗೋಡೆ ಗಡಿಯಾರವಲ್ಲ, ಆವತ್ತಿನ ತಿಥಿ. ಭರತ ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಈ ಲೆಕ್ಕದಲ್ಲಿ ಬದುಕುವವರಿಗೆ ‘ಬೆಳಿಗ್ಗೆ 6ರಿಂದ ಸಂಜೆ 6’ ಎಂಬುದು ಇನ್ನೊಂದು ಲೋಕದ ಪಂಚಾಂಗ.

ರೆಸಾರ್ಟಿನವರ ಕಣ್ಣಿಗೆ ಬೇಲೆ ಖಾಲಿ ಜಾಗ. ಅವರ ಜಾಹೀರಾತಿನ ಚಿತ್ರಗಳಲ್ಲಿ ಮರಳು ಹಾಸಿಗೆಯ ಬಟ್ಟೆಯಷ್ಟು ಸ್ವಚ್ಛ. ಒಂದು ಕುರ್ಚಿ, ಒಂದು ಛತ್ರಿ, ಮನುಷ್ಯರ ಸುಳಿವಿಲ್ಲ. ನಮಗೆ ಬೇಲೆ ಎಂದರೆ ಅಂಗಳ. ಬಲೆ ಹರಡಿ ಹೆಣೆಯುವುದು ಅಲ್ಲಿ, ದೋಣಿ ಮಗುಚಿ ಹಾಕಿ ದುರಸ್ತಿ ಮಾಡುವುದು ಅಲ್ಲಿ. ಮೀನು ಹೆಚ್ಚಾಗಿ ಬಂದ ದಿನ ತಾರ್ಲೆ, ಸೆಟ್ಲಿ ಒಣಹಾಕುವುದು ಅಲ್ಲಿ. ಮೀನುಗಾರಿಕೆ ನಿಷೇಧದ ಜೂನ್, ಜುಲೈ ತಿಂಗಳುಗಳಲ್ಲಿ, ಯಾಂತ್ರಿಕ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವಾಗ, ಎಷ್ಟೋ ಮನೆಗಳ ಪದಾರ್ಥ ನಡೆಯುವುದು ಆ ಒಣಮೀನಿನಲ್ಲಿ. ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಒಪ್ಪಿಸುವುದು ಅಲ್ಲಿಯೇ. ಸತ್ತವರ ಬೂದಿ ಬಿಡುವುದು, ಮಕ್ಕಳು ಫುಟ್‌ಬಾಲ್ ಆಡುವುದು, ಜಗಳವಾಡಿದ ಗಂಡಸರು ತಣ್ಣಗಾಗಲು ಹೋಗಿ ಕೂರುವುದು, ಎಲ್ಲವೂ ಅಲ್ಲಿ.

ಕೈರಂಪಣಿಯನ್ನು ನೋಡಿದವರಿಗೆ ಈ ಅಂಗಳದ ಅಳತೆ ತಿಳಿದಿರುತ್ತದೆ. ದೋಣಿಯವರು ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಇಳಿಸುತ್ತ ಸುತ್ತಿಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪಾಗಿ ನಿಂತು ಎಳೆಯುವುದು. ಎಳೆಯುತ್ತ ಎಳೆಯುತ್ತ ಎರಡೂ ಗುಂಪು ಹತ್ತಿರ ಬರುತ್ತವೆ. ಬಲೆ ದಡಕ್ಕೆ ಬಂದಾಗ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಳೆದವರಿಗೆಲ್ಲ ಪಾಲು. ನಾವು ಶಾಲೆಯ ಹುಡುಗರು ಹಗ್ಗಕ್ಕೆ ಕೈ ಹಾಕಿದ ಶಾಸ್ತ್ರ ಮಾಡಿದರೂ ನಾಲ್ಕು ಬಂಗಡೆ ಸಿಗುತ್ತಿದ್ದವು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಯ ಕಾಲ ಮುಗಿಯುತ್ತ ಬಂತು. ಉಳಿದಿರುವುದು ಈ ಚಿಕ್ಕ ಕೈರಂಪಣಿ. ಅದಕ್ಕೆ ಬೇಕಾದದ್ದು ಎರಡೇ: ಉದ್ದಕ್ಕೂ ತೆರೆದ ಮರಳು, ಮತ್ತು ಅಲ್ಲಿಗೆ ಬಲೆ ಹೊತ್ತು ತರುವ ದಾರಿ.

ತೋಟ ಮಾರಿದವರನ್ನು ಬೈಯುವುದು ಸುಲಭ. ನನ್ನಿಂದ ಅದು ಆಗುವುದಿಲ್ಲ. ಆ ಎರಡು ತೋಟಗಳಲ್ಲಿ ಒಂದು ನನ್ನ ಸೋದರಮಾವನದು. ಅವನ ಅಪ್ಪ ಆ ನೆಲವನ್ನು ಗೇಣಿಗೆ ಮಾಡುತ್ತಿದ್ದವರು. 1974ರ ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು, ಟ್ರಿಬ್ಯೂನಲ್ಲಿಗೆ ಅಲೆದು, ಉಳುವವನೇ ಒಡೆಯ ಎಂಬ ಮಾತಿಗೆ ತಮ್ಮ ಒಂದೂಕಾಲು ಎಕರೆಯಷ್ಟು ಅರ್ಥ ತಂದುಕೊಂಡವರು. ಮಾವ ಅದೇ ನೆಲದಲ್ಲಿ ಮೂವತ್ತು ವರ್ಷ ತೆಂಗಿಗೆ ನೀರು ಹಾಕಿದ. ಕಾಯಿ ಕೊಯ್ಯುವವರು ಸಿಗದಾದರು, ನುಸಿ ರೋಗ ಬಂತು, ಎರಡು ಮಳೆಗಾಲ ಕಡಲು ನುಗ್ಗಿ ಪಶ್ಚಿಮದ ಸಾಲನ್ನೇ ಕೊಂಡೊಯ್ದಿತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಯಾರೋ ಬಂದು ಅವನು ಕನಸಿನಲ್ಲೂ ಎಣಿಸದ ಮೊತ್ತ ಹೇಳಿದರು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಆದ ಮೇಲೆ ಕೊಳ್ಳುವವರಿಗೂ ಅಡೆತಡೆ ಇರಲಿಲ್ಲ.

‘ನಾನು ಮಾರಿದ್ದು ತೋಟ ಮಾರಾಯ, ಓಣಿ ಅಲ್ಲ’ ಎಂದು ಮಾವ ಈಗಲೂ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಓಣಿ ಅವನ ಪಹಣಿಯ ಒಳಗೇ ಇತ್ತು. ಸರ್ವೆ ನಕಾಶೆಯಲ್ಲಿ ರಸ್ತೆ, ಕಾಲುದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ನೆಲವನ್ನು ‘ಬಿ ಖರಾಬು’ ಎಂದು ಬೇರೆ ತೋರಿಸುವ ಪದ್ಧತಿ ಇದೆ. ಹಾಗೆ ತೋರಿಸಿದ್ದರೆ ಆ ನೆಲವನ್ನು ಮಾರಲು ಬರುವುದಿಲ್ಲ. ನಮ್ಮ ಓಣಿ ನಕಾಶೆಯಲ್ಲಿ ಇಲ್ಲವೇ ಇಲ್ಲ. ಎಲ್ಲರೂ ನಡೆಯುತ್ತಿದ್ದ ದಾರಿಯಾದ್ದರಿಂದ ಅದನ್ನು ಬರೆಸಬೇಕೆಂದು ಯಾರಿಗೂ ತೋಚಿರಲಿಲ್ಲ.

ಕುಮಟೆಯಲ್ಲಿ ವಕೀಲಿಕೆ ಮಾಡುವ ಗೆಳೆಯನೊಬ್ಬನನ್ನು ಕೇಳಿದೆ. ಅವನು 1882ರ ಸುಖಾಧಿಕಾರ ಕಾಯಿದೆಯ ಮಾತು ಎತ್ತಿದ. ಬೇರೆಯವರ ನೆಲದ ಮೇಲಿನ ದಾರಿಯನ್ನು 20 ವರ್ಷ ಬಹಿರಂಗವಾಗಿ, ತಂಟೆ ತಕರಾರಿಲ್ಲದೆ, ಎಡೆಬಿಡದೆ ಬಳಸಿಕೊಂಡು ಬಂದಿದ್ದರೆ ಅದು ಹಕ್ಕಾಗಿ ಗಟ್ಟಿಯಾಗಬಹುದು. ಊರಿಗೇ ಸೇರಿದ ರೂಢಿಯ ದಾರಿ ಎಂದು ವಾದಿಸುವುದಕ್ಕೂ ಅದೇ ಕಾಯಿದೆಯಲ್ಲಿ ಅವಕಾಶವಿದೆ. ಮಾತು ಮುಗಿಸುವಾಗ ಅವನು ಇನ್ನೊಂದು ವಿಷಯ ಹೇಳಿದ. ‘ಬಳಕೆ ಹಕ್ಕಿನಿಂದ ಬಂದದ್ದಾಗಿರಬೇಕು. ಒಡೆಯನ ಅಪ್ಪಣೆ ಪಡೆದು ನಡೆದರೆ ನೂರು ವರ್ಷ ನಡೆದರೂ ಅದು ಅಪ್ಪಣೆಯೇ, ಹಕ್ಕಾಗುವುದಿಲ್ಲ.’

ಆವತ್ತು ಮನೆಗೆ ಬರುವಾಗ ಆ ಫಲಕ ನನಗೆ ಬೇರೆಯೇ ಆಗಿ ಕಂಡಿತು. ಅದರ ಸೌಜನ್ಯವೇ ಅದರ ಪೇಚು. ‘ಗ್ರಾಮಸ್ಥರಿಗೆ ಪ್ರವೇಶ’ ಎಂದು ಬರೆದ ಕ್ಷಣದಿಂದ ಅಲ್ಲಿ ಪ್ರವೇಶ ಕೊಡುವವನೊಬ್ಬ ಹುಟ್ಟಿಕೊಂಡ. ನಾವು ಆ ಹೊತ್ತಿಗೆ ಸರಿಯಾಗಿ, ಕಾವಲುಗಾರನಿಗೆ ನಕ್ಕು, ಒಳಗೆ ಹೋಗಿ ಬಂದಷ್ಟು ದಿನವೂ ನಮ್ಮ ದಾರಿ ಅವನ ದಾರಿಯಾಗುತ್ತ ಹೋಗುತ್ತದೆ. ರೆಸಾರ್ಟುಗಳು ಕಡಲನ್ನು ಕಿತ್ತುಕೊಳ್ಳುತ್ತವೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಕಡಲನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಹಕ್ಕೊಂದು ಅವರ ಉಪಕಾರವಾಗಿ ನಮಗೇ ವಾಪಸು ಬರುತ್ತದೆ, ನಾವು ಧನ್ಯವಾದ ಹೇಳಿ ತೆಗೆದುಕೊಳ್ಳುತ್ತೇವೆ.

ಕಾಯಿದೆ ಇಲ್ಲವೆಂದಲ್ಲ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ನೀರು ಮುಟ್ಟುವ ಗೆರೆಯಿಂದ 500 ಮೀಟರ್‌ವರೆಗೆ ಕಡಲತೀರವನ್ನು ಯಾವುದೇ ಚಟುವಟಿಕೆಯಿಲ್ಲದೆ ಬಿಡಬೇಕೆಂದು ಸೂಚಿಸಿದ್ದರು. ಆ ಸೂಚನೆ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಯಿತು. ಈಗ ಹಳ್ಳಿಯ ಮಕ್ಕಳೂ ಸಿಆರ್‌ಝಡ್ ಎನ್ನುತ್ತಾರೆ. 500 ಮೀಟರ್ ನಿಯಂತ್ರಣಕ್ಕೆ ಒಳಪಟ್ಟಿತು; ಅದರಲ್ಲಿ ಹಳ್ಳಿಗಾಡಿನ ಕಡಲತೀರದ ಮೊದಲ 200 ಮೀಟರ್ ನಿರ್ಮಾಣ ನಿಷೇಧ ವಲಯವಾಯಿತು. 1994ರ ತಿದ್ದುಪಡಿ ಈ ಬಿಗಿಯನ್ನು ಸಡಿಲಿಸಲು ಹೊರಟಾಗ 1996ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. 2011ರಲ್ಲಿ ಹೊಸ ಅಧಿಸೂಚನೆ ಬಂತು. 2019ರದು ಇನ್ನೂ ಹೊಸದು: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ನಿಷೇಧ ವಲಯ 50 ಮೀಟರಿಗೆ ಇಳಿಯಬಹುದು. ಗೆರೆ ಹೀಗೆ ಕಡಲಿನತ್ತ ನಡೆದುಕೊಂಡು ಬರುತ್ತಿದೆ. ಕಡಲು ಮಳೆಗಾಲದಿಂದ ಮಳೆಗಾಲಕ್ಕೆ ಊರಿನತ್ತ ಬರುತ್ತಿದೆ. ಎರಡೂ ಎಲ್ಲೋ ಒಂದು ಕಡೆ ಭೇಟಿಯಾಗುತ್ತವೆ. ಅಲ್ಲಿ ಯಾರ ಮನೆ ಇರುತ್ತದೆ ಎಂಬುದೇ ಪ್ರಶ್ನೆ.

2011ರ ಅಧಿಸೂಚನೆಯ ಅನುಬಂಧದಲ್ಲಿ ಬೀಚ್ ರೆಸಾರ್ಟುಗಳಿಗೆಂದೇ ಷರತ್ತುಗಳ ಪಟ್ಟಿಯಿದೆ. ನನ್ನ ವಿದ್ಯಾರ್ಥಿಗಳಿಗೆ ಅದನ್ನು ಓದಿ ಹೇಳಿದಾಗ ನಂಬಲು ಹಿಂಜರಿದರು. ಮರಳುದಿಬ್ಬಗಳನ್ನು ಸಮತಟ್ಟು ಮಾಡುವಂತಿಲ್ಲ. ಜೀವಂತ ಬೇಲಿ, ಗಿಡಬಳ್ಳಿ ಹಬ್ಬಿಸಿದ ಮುಳ್ಳುತಂತಿ ಬೇಲಿ ಹಾಕಿಕೊಳ್ಳಬಹುದು, ಆದರೆ ಸಾರ್ವಜನಿಕರು ಕಡಲತೀರಕ್ಕೆ ಹೋಗುವುದಕ್ಕೆ ಅದು ಅಡ್ಡಿಯಾಗಬಾರದು. ಕಟ್ಟಡ ಎರಡು ಮಹಡಿ ಮೀರಬಾರದು, ಎತ್ತರ 9 ಮೀಟರ್ ಮೀರಬಾರದು. ಎರಡು ರೆಸಾರ್ಟುಗಳ ನಡುವೆ ಜನರ ಓಡಾಟಕ್ಕೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ಈ ಕೊನೆಯದನ್ನು ನಾವು ಎತ್ತಿ ತೋರಿಸಿದಾಗ ರೆಸಾರ್ಟಿನ ಪರವಾಗಿ ಬಂದವರು ನಿರಾಳವಾಗಿ ಹೇಳಿದರು: ‘ಇಲ್ಲಿರುವುದು ಒಂದೇ ರೆಸಾರ್ಟು ಸರ್. ಎರಡಿದ್ದರೆ ತಾನೇ ನಡುವೆ ಅನ್ನೋದು?’

ನೀರಿನ ಮಾತೂ ಆ ಪಟ್ಟಿಯಲ್ಲಿದೆ. ಭರತದ ಗೆರೆಯಿಂದ 200 ಮೀಟರ್ ಒಳಗೆ ಅಂತರ್ಜಲ ತೆಗೆಯುವಂತಿಲ್ಲ. 200ರಿಂದ 500 ಮೀಟರ್‌ವರೆಗೆ ಅಂತರ್ಜಲ ಮಂಡಳಿಯ ಒಪ್ಪಿಗೆ ಬೇಕು. ಇದರ ಕಾರಣ ನಮ್ಮ ಬಾವಿಗಳಿಗೆ ಗೊತ್ತು. ಮರಳು ನೆಲದ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಲಾಭದ ಈ ಲೆಕ್ಕ ನಷ್ಟಕ್ಕೂ ಅನ್ವಯಿಸುತ್ತದೆ. ಬೋರ್‌ವೆಲ್ಲಿನಿಂದ ಎಳೆದೆಳೆದು ಮೇಲಿನ ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿಯಷ್ಟು ಮೇಲೇರಲು ಹವಣಿಸುತ್ತದೆ. ರೆಸಾರ್ಟಿನ ಈಜುಕೊಳ ತುಂಬಿದ ಮೊದಲ ಏಪ್ರಿಲ್‌ನಲ್ಲಿ ಓಣಿಯ ಬಾಯಿಯ ಬಾವಿಯ ನೀರು ಸವುಳಾಯಿತು. ಈಜುಕೊಳದಿಂದಲೇ ಹಾಗಾಯಿತೆಂದು ನಾನು ಸಾಧಿಸಿ ತೋರಿಸಲಾರೆ. ಆ ವರ್ಷ ಮಳೆಯೂ ಕಡಿಮೆ ಇತ್ತು. ಕಡಲಿನಿಂದ ನೂರು ಹೆಜ್ಜೆ ದೂರದಲ್ಲಿ ಇನ್ನೊಂದು ನೀಲಿ ಕೊಳ ಯಾಕೆ ಬೇಕು ಎಂಬ ದೊಡ್ಡಕ್ಕನ ಪ್ರಶ್ನೆಗೂ ನನ್ನ ಬಳಿ ಉತ್ತರವಿಲ್ಲ.

ಚಳಿಗಾಲದಲ್ಲಿ ನಮ್ಮ ಬೇಲೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆಲಿವ್ ರಿಡ್ಲೆ ಎಂಬ ಜಾತಿ. ರಾತ್ರಿ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ ಹೋಗುತ್ತವೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬರುವುದೂ ಹೆಚ್ಚಾಗಿ ರಾತ್ರಿಯೇ. ಮರಿಗೆ ಗೊತ್ತಿರುವ ಲಕ್ಷಣ ಒಂದೇ: ಬೆಳಕು ಹೆಚ್ಚಿರುವ ದಿಕ್ಕಿನಲ್ಲಿ ಕಡಲಿದೆ. ಕತ್ತಲೆಯ ರಾತ್ರಿಗಳಲ್ಲಿ ಅದು ನಿಜವೂ ಹೌದು. ದಡದ ಮೇಲೆ ದೀಪಮಾಲೆ ಹಚ್ಚಿದರೆ ಅದೇ ಜ್ಞಾನ ಅವುಗಳನ್ನು ಕೊಲ್ಲುತ್ತದೆ. ಊರಿನ ಕಡೆ ತೆವಳಿ ನಾಯಿ, ಕಾಗೆಗಳ ಬಾಯಿಗೆ ಬೀಳುತ್ತವೆ. ಗೂಡುಗಳನ್ನು ಕಾಯುತ್ತಿದ್ದ ಊರಿನ ಹುಡುಗರು ಈಗ ರಾತ್ರಿ ಅಲ್ಲಿಗೆ ಹೋಗಲು ಒಂದು ಮೈಲಿ ಸುತ್ತು ಹಾಕಬೇಕು. ಸಂಜೆ ಆರಕ್ಕೆ ಗೇಟು ಮುಚ್ಚಿರುತ್ತದೆ.

ಕೋರ್ಟಿಗೆ ಹೋಗಬಹುದಲ್ಲ ಎನ್ನುವವರಿಗೆ ನೆರೆಯ ಗೋವೆಯ ಉದಾಹರಣೆ ಹೇಳುತ್ತೇನೆ. ಅದರಲ್ಲಿ ಧೈರ್ಯವೂ ಇದೆ, ಎಚ್ಚರಿಕೆಯೂ ಇದೆ. ಪಣಜಿಯ ಹತ್ತಿರ ದೋನಾ ಪಾವ್ಲಾದ ಬಳಿ ವಾಯಂಗಿಣಿ ಎಂಬ ಪುಟ್ಟ ಕಡಲತೀರವಿದೆ. ಅಲ್ಲಿನ ಹೋಟೆಲೊಂದಕ್ಕೆ ಸರ್ಕಾರವೇ ಜಮೀನು ಸ್ವಾಧೀನ ಮಾಡಿ ಕೊಟ್ಟಿತ್ತು. ಜನರು ಕಡಲಿಗೆ ಹೋಗುವ ದಾರಿಗೆ ಅಡ್ಡಿ ಮಾಡಬಾರದೆಂದು 1983ರ ಕರಾರಿನಲ್ಲೇ ಷರತ್ತಿತ್ತು. ಹೋಟೆಲು ಬೆಳೆಯುತ್ತ ಬೆಳೆಯುತ್ತ ಆ ದಾರಿಯ ಮೇಲೇ ಬಂತು. ಊರಿನವರು ಕೋರ್ಟಿಗೆ ಹೋದರು. 2000ದಲ್ಲಿ ಹೈಕೋರ್ಟು ಅಡ್ಡ ಬಂದ ಕಟ್ಟಡವನ್ನು ಕೆಡವಲು ಹೇಳಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಾಳಿ, ನೀರು, ಕಡಲು, ಕಡಲತೀರ ಇವೆಲ್ಲ ಜನರ ಸೊತ್ತು, ಸರ್ಕಾರ ಅವುಗಳ ಧರ್ಮದರ್ಶಿ ಮಾತ್ರ ಎಂಬ ತತ್ತ್ವ ಆ ತೀರ್ಪಿನ ಬೆನ್ನೆಲುಬು. ರೋಮನ್ನರ ಕಾಲದ ಈ ವಿಚಾರವನ್ನು ಅದೇ ಕೋರ್ಟು 1996ರಲ್ಲಿ ಹಿಮಾಚಲದ ಬಿಯಾಸ್ ನದಿಯ ದಂಡೆಯ ಮೋಟೆಲೊಂದರ ಪ್ರಕರಣದಲ್ಲಿ ನಮ್ಮ ನ್ಯಾಯಶಾಸ್ತ್ರಕ್ಕೆ ತಂದುಕೊಂಡಿತ್ತು.

ಗೋವೆಯ ತೀರ್ಪು ಬಂದ ವರ್ಷವೇ ಅಲ್ಲಿನ ಸರ್ಕಾರ ಭೂಸ್ವಾಧೀನ ಕಾಯಿದೆಗೆ ರಾಜ್ಯದ ಮಟ್ಟಿಗೆ ತಿದ್ದುಪಡಿ ತಂದು ಆ ಕಟ್ಟಡ ಉಳಿಯುವಂತೆ ಮಾಡಿತು. ಕೇರಳದಲ್ಲಿ ಬೇರೆ ರೀತಿ ನಡೆಯಿತು. ವೇಂಬನಾಡು ಕಾಯಲಿನ ನೆಡಿಯತುರುತ್ತು ದ್ವೀಪದ ಐಷಾರಾಮಿ ರೆಸಾರ್ಟಿನ ವಿರುದ್ಧ ಮೊದಲು ದನಿಯೆತ್ತಿದವರು ಅಲ್ಲಿ ಬಲೆ ಕಟ್ಟುತ್ತಿದ್ದ ಮೀನುಗಾರರು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೆಡವಲು ಹೇಳಿತು, 2022ರಲ್ಲಿ ಅದರ 54 ವಿಲ್ಲಾಗಳ ಮೇಲೆ ಯಂತ್ರಗಳ ಕೆಲಸ ಶುರುವಾಯಿತು. ಎರಡು ಪ್ರಕರಣಗಳಲ್ಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟು ವರ್ಷ ಬಲೆ ಎಲ್ಲಿ ಹಾಕುವುದು?

ಕೋರ್ಟಿಗಿಂತ ಮೊದಲು ಗ್ರಾಮಸಭೆ ಇದೆ. ಕಳೆದ ವರ್ಷ ನಮ್ಮಲ್ಲಿ ಅದು ನಡೆಯಿತು. ಸಭೆಯ ಸಂಖ್ಯೆ ತುಂಬಿಸಲು ಹುಡುಕಾಡುವ ಪಂಚಾಯತಿಯ ಹಾಲ್‌ನಲ್ಲಿ ಆವತ್ತು ನಿಲ್ಲಲು ಜಾಗವಿರಲಿಲ್ಲ. ಎಲ್ಲರೂ ಒಂದೇ ಕಡೆ ಇದ್ದರೆಂದು ಹೇಳಿದರೆ ಸುಳ್ಳಾಗುತ್ತದೆ. ಊರಿನ ಹದಿನೈದು ಹುಡುಗ ಹುಡುಗಿಯರಿಗೆ ರೆಸಾರ್ಟಿನಲ್ಲಿ ಕೆಲಸವಿದೆ. ರಿಕ್ಷಾದವರಿಗೆ ಬಾಡಿಗೆ ಇದೆ. ಹಾಲಕ್ಕಿ ಹೆಂಗಸರ ತರಕಾರಿ ಅಲ್ಲಿನ ಅಡುಗೆಮನೆಗೆ ಹೋಗುತ್ತದೆ. ‘ಗೋವೆಗೆ, ಬೆಂಗಳೂರಿಗೆ ಹೋಗಿ ಬೇರೆಯವರ ತಟ್ಟೆ ತೊಳೆಯೂದಕ್ಕಿಂತ ಮನೆ ಹತ್ರ ತೊಳೀಬಹುದಲ್ಲ’ ಎಂದು ಒಬ್ಬ ಹುಡುಗ ಎದ್ದು ನಿಂತು ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಯಾರೂ ಅವನನ್ನು ಕೂರಿಸಲಿಲ್ಲ.

ರೆಸಾರ್ಟಿನ ಮ್ಯಾನೇಜರು ವಿನಯದ ಮನುಷ್ಯ. ‘ಊರಿನವರು ಬರುವುದಕ್ಕೆ ನಮ್ಮ ಅಭ್ಯಂತರ ಏನೂ ಇಲ್ಲ. ಬೇಕಾದರೆ ಗೇಟನ್ನು ಬೆಳಗಿನ ನಾಲ್ಕಕ್ಕೇ ತೆಗೆಸುತ್ತೇವೆ’ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಪಿಡಿಒ ಅದನ್ನೇ ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಹಿಂದಿನ ಸಾಲಿನಿಂದ ದೊಡ್ಡಕ್ಕ ಎದ್ದಳು.

‘ಅಭ್ಯಂತರ ಇಲ್ಲ ಅಂದ್ರೆ, ನಾಳೆ ಇರಬಹುದು ಅಂತಾಯ್ತಲ್ಲ ತಮಾ. ನಿಮ್ಮ ಅಭ್ಯಂತರ ನಮಗೆ ಬ್ಯಾಡ, ನಿಮ್ಮ ಉಪಕಾರಾನೂ ಬ್ಯಾಡ. ಈ ದಾರಿ ನಮ್ಮದು ಅಂತ ಬರೀರಿ.’

ಕಾಲೇಜಿನಲ್ಲಿ ‘ಮರಳಿ ಮಣ್ಣಿಗೆ’ ಪಾಠ ಮಾಡುವಾಗ ನಾನು ಮಕ್ಕಳಿಗೆ ಕಾರಂತರ ಆ ಕರಾವಳಿಯ ಹೆಂಗಸರ ಬಗ್ಗೆ ಹೇಳುತ್ತಿರುತ್ತೇನೆ: ಕಡಲಿಗೂ ಹೊಳೆಗೂ ನಡುವಿನ ಹೊಯಿಗೆ ನೆಲದಲ್ಲಿ ಸಂಸಾರ ಎಳೆದವರು, ಕಡಲನ್ನು ಸುಮ್ಮನೆ ನೋಡಲು ಪುರುಸೊತ್ತಿಲ್ಲದವರು. ಆವತ್ತು ಸಭೆಯಲ್ಲಿ ಮಾತಾಡಿದ್ದು ಅವರ ಪೀಳಿಗೆಯೇ ಅನಿಸಿತು. ಹಕ್ಕು, ಅಪ್ಪಣೆಗಳ ನಡುವಿನ ವ್ಯತ್ಯಾಸವನ್ನು ನನಗೆ ವಕೀಲರು ಕಾಯಿದೆ ಪುಸ್ತಕದಿಂದ ಬಿಡಿಸಿ ಹೇಳಬೇಕಾಯಿತು. ಅವಳಿಗೆ ಅದು ‘ಅಭ್ಯಂತರ’ ಎಂಬ ಒಂದು ಪದದಲ್ಲೇ ಕೇಳಿಸಿತ್ತು. ದೂರವೇನೂ ಇಲ್ಲ, 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಜನ ಕಡಲಂಚಿಗೆ ನಡೆದುಹೋಗಿ ಉಪ್ಪಿನ ಕಾನೂನು ಮುರಿದಿದ್ದರು. ಕಡಲು ಕೊಡುವುದನ್ನು ತೆಗೆದುಕೊಳ್ಳಲು ಯಾರ ಪರವಾನಗಿಯೂ ಬೇಡ ಎಂಬ ಮಾತು ಈ ಸೀಮೆಗೆ ಹೊಸದಲ್ಲ.

ಠರಾವು ಆಯಿತು. ಓಣಿಯನ್ನು ಪಂಚಾಯತಿಯ ರಸ್ತೆಗಳ ಪಟ್ಟಿಗೆ ಸೇರಿಸಬೇಕು, ಸರ್ವೆ ಇಲಾಖೆ ಅಳತೆ ಮಾಡಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕರಾವಳಿ ಸಮಿತಿಯ ಮುಂದೆ ವಿಷಯ ಇಡಬೇಕು. ಆ ಸಮಿತಿಯಲ್ಲಿ ಸ್ಥಳೀಯ ಕರಾವಳಿ ಸಮುದಾಯಗಳ ಮೂವರಾದರೂ ಇರಬೇಕೆಂದು ಅಧಿಸೂಚನೆಯೇ ಹೇಳುತ್ತದೆ ಎಂಬುದು ಆವತ್ತಿನವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಳತೆಗೆ ಇನ್ನೂ ಯಾರೂ ಬಂದಿಲ್ಲ. ಗೇಟು ಈಗ ಬೆಳಗಿನ ನಾಲ್ಕಕ್ಕೆ ತೆರೆಯುತ್ತದೆ. ಹಳೆಯ ಫಲಕದ ಜಾಗದಲ್ಲಿ ಹೊಸ ಫಲಕ, ಅದರ ಕೆಳಗೂ ‘ಧನ್ಯವಾದಗಳು.’

ಈ ನಡುವೆ ನನ್ನ ವಿದ್ಯಾರ್ಥಿಗಳು ಒಂದು ಕೆಲಸ ಶುರುಮಾಡಿದ್ದಾರೆ. ಶನಿವಾರ ಮಧ್ಯಾಹ್ನ ತಮ್ಮ ತಮ್ಮ ಊರುಗಳಲ್ಲಿ ಕಡಲಿಗೆ ಹೋಗುವ ಓಣಿಗಳನ್ನು ನಡೆದು, ಮೊಬೈಲಿನಲ್ಲಿ ಗುರುತುಹಾಕಿ, ಹಳಬರನ್ನು ಕೇಳಿ ಬರೆದುಕೊಳ್ಳುತ್ತಿದ್ದಾರೆ. ಯಾವ ಓಣಿಯಲ್ಲಿ ಯಾರು, ಎಷ್ಟು ವರ್ಷದಿಂದ, ಯಾತಕ್ಕೆ ಓಡಾಡುತ್ತಾರೆ? ಹೆಸರೇ ಇಲ್ಲದ ದಾರಿಗಳಿಗೆ ಬರೆಯುವಾಗ ಏನಾದರೊಂದು ಹೆಸರು ಬೇಕಾಗುತ್ತದೆ. ಮಕ್ಕಳು ‘ಸುರಹೊನ್ನೆ ಮರದ ಓಣಿ’, ‘ಬಲೆ ಹೊರುವ ದಾರಿ’, ‘ಅಜ್ಜಿ ಬಾವಿ ಓಣಿ’ ಎಂದೆಲ್ಲ ಇಟ್ಟಿದ್ದಾರೆ. ಕೋರ್ಟಿನಲ್ಲಿ ಈ ಪುಸ್ತಕಕ್ಕೆ ಎಷ್ಟು ಬೆಲೆಯೋ, ಸರ್ವೆಯವರು ಬಂದ ದಿನ ಅವರ ಮುಂದೆ ಇಡಲು ಒಂದು ಕಾಗದವಂತೂ ಇರುತ್ತದೆ.

ದೊಡ್ಡಕ್ಕನಿಗೆ ಈಗ ಮಂಡಿನೋವು. ಬುಟ್ಟಿ ಹೊರುವುದನ್ನು ಬಿಟ್ಟು ಎರಡು ವರ್ಷವಾಯಿತು. ಆದರೂ ದಿನಾ ಬೆಳಿಗ್ಗೆ ಓಣಿಯಲ್ಲಿ ಬೇಲೆಯವರೆಗೆ ಹೋಗಿ ಬರುತ್ತಾಳೆ. ಕಾವಲಿನ ಹುಡುಗ ನಮ್ಮೂರವನೇ, ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅವಳು ಅವನ ಅಮ್ಮನ ಆರೋಗ್ಯ ಕೇಳುತ್ತಾಳೆ, ಒಳಗೆ ಬರಲೇ ಎಂದು ಮಾತ್ರ ಕೇಳುವುದಿಲ್ಲ. ‘ಮೀನಿಲ್ಲ ಏನಿಲ್ಲ, ಈ ಕಾಲಿಟ್ಟುಕೊಂಡು ದಿನಾ ಯಾಕೆ ಹೋಗ್ತೆ?’ ಎಂದು ಅವಳ ಮಗ ರೇಗುತ್ತಿರುತ್ತಾನೆ.

‘ನಡೆಯೋರು ಇಲ್ದಿದ್ರೆ ಹುಲ್ಲು ಬೆಳೀತದೆ’ ಎಂದು ಅವಳ ಉತ್ತರ.